ಕಡ್ಲೆಕಾಯಿ ಕೋಣೆಯ ಕಟ್ಟು

ಅಣ್ಣನ ಮದುವೆಗೆ ಇನ್ನು ಎಂಟೇ ದಿನ. ಪರಶುರಾಂಪುರದ ನಮ್ಮ ಮನೆಯ ಮಾಳಿಗೆ ಮೇಲೆ ಹಾಡು ಗುನುಗುತ್ತಾ ಸಂಡಿಗೆ ಒಣಹಾಕುತ್ತಿದ್ದವಳು, ಹಿಂದೆ ಹಿಂದೆ ಸರಿದು ಬೆಳಕಿಂಡಿಯೊಳಗಿಂದ ಕೆಳಗಿನ ಕಡ್ಲೆಕಾಯಿ ಕೋಣೆಗೆ ಬಿದ್ದೆ. ಮೊಣಕಾಲಿನ ಕೆಳಗೆ ಮೂಳೆ ಲಟಕ್ಕೆಂದದ್ದು ನನಗೇ ಕೇಳಿಸಿತು. ಕೋಣೆಗೆ ಹೊರಗಿನಿಂದ ಬೀಗ.

"ಅಲುಗಾಡಬ್ಯಾಡ ಮಂಗಳಾ, ಬಂದೆ!" ಎಂದು ಕೂಗುತ್ತಾ ಅವ್ವ ಬೀಗದಕೈ ಹುಡುಕುತ್ತಿದ್ದಳು.

ಅಷ್ಟರಲ್ಲಿ ಯಾರೋ ನನ್ನ ಕಾಲು ಹಿಡಿದರು. ಸುಡುವ ಮಧ್ಯಾಹ್ನದಲ್ಲೂ ಆ ಕೈ ಮಡಕೆಯ ನೀರಿನಷ್ಟು ತಣ್ಣಗಿತ್ತು. ಎಂದೂ ಮೊಟ್ಟೆ ಬಾರದ ನಮ್ಮ ಮನೆಯಲ್ಲಿ, ಮೂಳೆ ಕಟ್ಟುವ ನಾಟಿ ವೈದ್ಯರು ಹಚ್ಚುವ ಹಸಿ ಮೊಟ್ಟೆಯ ವಾಸನೆ.

"ಅಳಬ್ಯಾಡ ಕೂಸೇ, ಮದುವ್ಯಾಗೆ ಕುಣೀತೀಯ" ಎಂದು ಮುದುಕಿಯ ದನಿಯೊಂದು ನಕ್ಕಿತು. ನೋವು ಮಾಯವಾಗಿ ನನಗೂ ನಗು ಬಂತು.

ಬೀಗ ತೆಗೆದಾಗ ಒಳಗೆ ನಾನೊಬ್ಬಳೇ. ಕಾಲಿಗೆ ಬಿದಿರು ಸೀಳಿನ ಕಟ್ಟು. "ಯಾರೇ ಕಟ್ಟಿದ್ದು?" ಎಂದು ಅವ್ವ ಕೇಳುವಷ್ಟರಲ್ಲಿ ನಾನು ಎದ್ದು ನಿಂತಿದ್ದೆ.

ಮದುವೆಯಲ್ಲಿ ಅಣ್ಣನ ಪೇಟ ಕಸಿದು ನನ್ನ ತಲೆಗಿಟ್ಟುಕೊಂಡು ಕುಣಿದೆ. ಅವ್ವನ ಕಾಟ ತಾಳಲಾರದೆ ಮರುವಾರ ಚಳ್ಳಕೆರೆಯಲ್ಲಿ ಎಕ್ಸ್‌ರೇ ತೆಗೆಸಿದೆವು. ಡಾಕ್ಟರು ಅದನ್ನು ಬೆಳಕಿಗೆ ಹಿಡಿದು, ನನ್ನ ಮುಖ ನೋಡದೆಯೇ ಹೇಳಿದರು.

"ಮುರಿದಿದ್ದು ನಿಜಾನಮ್ಮ, ಚೆನ್ನಾಗಿ ಕೂಡ್ಕೊಂಡೈತೆ. ಆದ್ರೆ ಕೂಡ್ಕೊಂಡು ಕಡಿಮೆ ಅಂದ್ರೂ ನಲವತ್ತು ವರ್ಷ ಆಗಿರ್ಬೇಕಲ್ಲ?"

ನನಗೆ ಈ ಯುಗಾದಿಗೆ ಇಪ್ಪತ್ತಾರು ತುಂಬಿತು.