ಹೆಸರಿಲ್ಲದ ಪತ್ರಕ್ಕೆ ಹದಿಮೂರು ಅಂಕ

“ನಿಮ್ಮ ಹೆಸರು ಸರ್ವಮಂಗಳ ಅಂತ ಇಡೀ ಯೂನಿವರ್ಸಿಟಿಗೆ ಗೊತ್ತಾಗಬೇಕಾ?”

ಮೊದಲ ದಿನವೇ, ಇಪ್ಪತ್ತು ಜನರ ಎದುರು, ತೋಂಟದಾರ್ಯ ಮೇಷ್ಟ್ರು ಅವಳ ಹಾಳೆಯನ್ನು ಎತ್ತಿ ಹಿಡಿದು ಕೇಳಿದ ಮಾತಿದು. ತಿಪಟೂರಿನ ಕೊಬ್ಬರಿ ಮಂಡಿಯೊಂದರ ಮಹಡಿಯಲ್ಲಿ ಆ ಟ್ಯುಟೋರಿಯಲ್. ಬಿ.ಎ.ಯ ಇಂಗ್ಲಿಷ್ ಪೇಪರಿನಲ್ಲಿ ಡುಮ್ಕಿ ಹೊಡೆದವರೆಲ್ಲ ಸೇರುವ ಜಾಗ. ಸರ್ವಮಂಗಳ ದಬ್ಬೇಘಟ್ಟದಿಂದ ಎರಡು ಬಸ್ಸು ಬದಲಾಯಿಸಿ ಬಂದಿದ್ದಳು. ಅವಳ ಕಿವಿ ಬಿಸಿಯಾಯಿತು.

“ಪತ್ರ ಅಂದ್ಮೇಲೆ ಹೆಸರು ಬೇಡ್ವಾ ಸಾರ್?”

“ಪರೀಕ್ಷೇಲಿ ಬೇಡ. ಊರಿನ ಜಾಗದಲ್ಲಿ ಎ ಬಿ ಸಿ. ಹೆಸರಿನ ಜಾಗದಲ್ಲಿ ಎಕ್ಸ್ ವೈ ಝಡ್. ನಿಜವಾದ ಹೆಸರು ಬರೆದ್ರೆ ಪೇಪರ್ ತಿದ್ದೋರಿಗೆ ಗುರುತು ಕೊಟ್ಟ ಹಾಗೆ. ಸೊನ್ನೆ.”

ಹೇಳಿದ ಹಾಗೇ ಹಾಕಿಯೂ ಹಾಕಿದರು. ಕೆಂಪು ಇಂಕಿನಲ್ಲಿ, ಕೋಡುಬಳೆಯಷ್ಟು ದೊಡ್ಡ ಸೊನ್ನೆ.

‘ಏನು ಜಂಭವಪ್ಪ ಈ ಮನುಷ್ಯನಿಗೆ…’ ಅಂದುಕೊಂಡಳು ಅವಳು. ಜಂಭದವರನ್ನು ನೋಡಿ ಹಾಗಂದುಕೊಂಡ ಹುಡುಗಿಯರ ಗತಿ ಕೊನೆಗೆ ಏನಾಗುತ್ತದೆಂದು ನಿಮಗೆ ಹೇಳಬೇಕಾಗಿಲ್ಲ.

ನಾಲ್ಕು ತಿಂಗಳು ಹೀಗೇ ನಡೆಯಿತು. ಪತ್ರಕ್ಕೆ ಒಂದು ಚೌಕಟ್ಟು, ವರದಿಗೆ ಇನ್ನೊಂದು, ಪ್ರಬಂಧಕ್ಕೆ ಮತ್ತೊಂದು. ಸಾರಾಂಶ ಬರೆಯುವುದು ಅವಳಿಗೆ ಏನು ಮಾಡಿದರೂ ಹತ್ತಲಿಲ್ಲ. ಆಗ ಮೇಷ್ಟ್ರು ಮಂಡಿಯಿಂದ ಒಂದು ಕಾಯಿ ತರಿಸಿ ಮೇಜಿನ ಮೇಲಿಟ್ಟರು.

“ನಾರು ಸುಲೀರಿ, ಚಿಪ್ಪು ತೆಗೀರಿ. ಉಳಿಯೋ ಕೊಬ್ಬರಿ ಇದೆಯಲ್ಲ, ಅದೇ ಸಾರಾಂಶ.”

ತೋಟದವರ ಮಗಳಿಗೆ ಅವತ್ತು ಅದು ಅರ್ಥವಾಯಿತು. ಒಂದು ದಿನ, ಊರಿನ ನಾಲೆಯ ಬಗ್ಗೆ ಅವಳು ಬರೆದ ವರದಿಯನ್ನು ಓದಿ ಅವರು ಪೆನ್ನು ಕೆಳಗಿಟ್ಟರು. “ನಿಮ್ಮೂರಿನ ನಾಲೆ ನೀರಿಗೆ ಕಾಲಿಟ್ಟ ಹಾಗಾಯ್ತು,” ಅಂದರು. ಆ ಮಾತನ್ನು ಅವಳು ಬಸ್ಸಿನಲ್ಲಿ ಊರು ಬರುವ ತನಕ ಮನಸ್ಸಿನಲ್ಲೇ ತಿರುವಿ ಹಾಕಿದಳು.

ಅಷ್ಟರಲ್ಲಿ ಮನೆಯಲ್ಲಿ ಬೇರೆ ಮಾತು ಶುರುವಾಗಿತ್ತು.

“ಸೋಮವಾರ ಚಿಕ್ಕನಾಯಕನಹಳ್ಳಿಯವ್ರು ನೋಡಾಕೆ ಬತ್ತಾರೆ ಕಣೇ,” ಅಂದರು ತಾಯಿ ಗುರುಶಾಂತಮ್ಮ. “ಒಪ್ಪಿದ್ರೆ ಅವತ್ತೇ ವೀಳ್ಯ. ಪರೀಕ್ಷೆ ಗಿರೀಕ್ಷೆ ಎಲ್ಲಾ ಆಮೇಲೆ.”

ಸರ್ವಮಂಗಳ ಬೆರಳು ಮಡಚಿ ಎಣಿಸಿದಳು. ನಾಲ್ಕು ದಿನ. ಅಷ್ಟರೊಳಗೆ ಮೇಷ್ಟ್ರು ಒಂದು ಮಾತು ಆಡದಿದ್ದರೆ ಮುಗಿಯಿತು. ಆದರೆ ತನ್ನ ಮನಸ್ಸು ಅವರಿಗೆ ತಿಳಿದಿರಬೇಕಲ್ಲ!

ಕನ್ನಡದಲ್ಲಿ ಬರೆದರೆ ಅಮ್ಮ ಓದಿಬಿಟ್ಟಾರೆಂಬ ಭಯ. ಇಂಗ್ಲಿಷಿನಲ್ಲೇ ಬರೆದಳು. ಮೂರು ಪ್ಯಾರಾ. ನಿಮ್ಮ ಪಾಠಕ್ಕಿಂತ ನಿಮ್ಮ ದನಿ ಹೆಚ್ಚು ನೆನಪಿರುತ್ತದೆ ಎಂದಳು. ಸೋಮವಾರ ಯಾರೋ ಬರುತ್ತಾರೆ ಎಂದಳು. ನಿಮಗೂ ಹೀಗೇ ಅನ್ನಿಸಿದ್ದರೆ ದಯವಿಟ್ಟು ಹೇಳಿ, ಇಲ್ಲದಿದ್ದರೆ ಬೇರೆಯವರಿಗೆ ಹೂಂ ಅನ್ನಬೇಕಾಗುತ್ತದೆ ಎಂದು ಮುಗಿಸಿದಳು. ಮತ್ತೊಮ್ಮೆ ಓದುವ ಧೈರ್ಯವಾಗದೆ ಮಡಚಿ, ಗುರುವಾರ ಕೊಡಬೇಕಿದ್ದ ವರದಿಗೆ ಗುಂಡುಸೂಜಿ ಚುಚ್ಚಿ ಸೇರಿಸಿದಳು.

ಶನಿವಾರ ಹಾಳೆಗಳು ವಾಪಸು ಬಂದವು.

ಅವಳ ಪತ್ರದ ತಲೆಯ ಮೇಲೆ ಕೆಂಪು ಇಂಕು. ಇಪ್ಪತ್ತಕ್ಕೆ ಹದಿಮೂರು. ಪಕ್ಕದಲ್ಲಿ ಒಂದು ಷರಾ: ‘ಕಲ್ಪನೆ ಚೆನ್ನಾಗಿದೆ. ಕೇಳಬೇಕಾದ್ದನ್ನು ಮೊದಲ ಪ್ಯಾರಾದಲ್ಲೇ ಕೇಳಿ.’

ಕಲ್ಪನೆ…

ತಲೆ ಎತ್ತಿದಳು. ಅವರು ಬೋರ್ಡಿನ ಕಡೆ ತಿರುಗಿ ಮುಂದಿನ ಪಾಠ ಬರೆಯುತ್ತಿದ್ದರು. ಅಂದರೆ ಇದೇ ಉತ್ತರ. ಇಲ್ಲ ಅನ್ನುವುದಕ್ಕೂ ಒಂದು ಮರ್ಯಾದೆ ಇರುತ್ತದೆ. ಇವರು ತನ್ನ ಮನಸ್ಸಿಗೂ ಅಂಕ ಹಾಕಿ ಕಳಿಸಿದರಲ್ಲ! ಪಾಠದ ನಡುವೆಯೇ ಎದ್ದು ಹೊರಟಳು. ಬಸ್ಸಿನಲ್ಲಿ ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು.

“ನೀವು ಹೇಳ್ದಂಗೇ ಆಗ್ಲಿ ಅಮ್ಮ,” ಅಂದಳು ಮನೆಗೆ ಬಂದು. ಗುರುಶಾಂತಮ್ಮ ಮಗಳ ಮುಖ ನೋಡಿದರು.

ಭಾನುವಾರ ಬೆಳಿಗ್ಗೆ ತಂದೆ ಬಸವರಾಜಪ್ಪ ಅಟ್ಟದಿಂದ ಇಳಿಸಿದ ಕಾಯಿಗಳನ್ನು ಜಗಲಿಯ ಮೇಲೆ ಒಂದೊಂದಾಗಿ ಕಿವಿಯ ಹತ್ತಿರ ಅಲ್ಲಾಡಿಸಿ ನೋಡುತ್ತಿದ್ದರು. ಗಡಗಡ ಅಂದರೆ ಒಳಗೆ ಕೊಬ್ಬರಿಯಾಗಿದೆ ಎಂದರ್ಥ.

“ಮಗಾ, ನಿಮ್ ಮೇಷ್ಟ್ರು ಬಂದವ್ರೆ ನೋಡು.”

ಸರ್ವಮಂಗಳ ಬಾಗಿಲಿಗೆ ಬಂದು ಕಂಬ ಹಿಡಿದು ನಿಂತಳು. ತೋಂಟದಾರ್ಯ ಅಂಗಳದಲ್ಲಿದ್ದರು. ಷರಟು ಬೆವರಿನಿಂದ ಬೆನ್ನಿಗೆ ಅಂಟಿತ್ತು.

“ಒಂದು ಉತ್ತರ ತಿದ್ದೋದ್ರಲ್ಲಿ ತಪ್ಪು ಮಾಡಿದ್ದೆ,” ಅಂದರು. “ನಿನ್ನೆ ನೀವೆದ್ದು ಹೋದ ಮೇಲೆ ರಿಜಿಸ್ಟರ್ ತೆಗೆದು ನೋಡ್ದೆ. ಎಲ್ಲರ ಹೆಸರಿನ ಮುಂದೆ ಒಂದೇ ಅಂಕ, ನಿಮ್ಮ ಹೆಸರಿನ ಮುಂದೆ ಮಾತ್ರ ಎರಡು. ಗುರುವಾರ ನಾನು ಕೇಳಿದ್ದು ವರದಿ. ಪತ್ರ ಕೇಳೇ ಇರಲಿಲ್ಲ.”

“ಗೊತ್ತಿದ್ದೂ ಗೊತ್ತಿದ್ದೂ ಅಂಕ ಹಾಕಿದ್ರಿ ಅಂತ…” ಅಂದಳು ಸರ್ವಮಂಗಳ.

“ಆ ಪತ್ರ ಇನ್ನೊಂದ್ಸಲ ನೋಡಿ.”

ಒಳಗೆ ಹೋಗಿ ಟ್ರಂಕಿನಿಂದ ತೆಗೆದಳು. ಬಿಡಿಸಿದಳು. ಮೇಲೆ ಬಲಗಡೆ ದಬ್ಬೇಘಟ್ಟವಿರಲಿಲ್ಲ, ಎ ಬಿ ಸಿ. ಕೆಳಗೆ ಅವಳ ಹೆಸರಿರಲಿಲ್ಲ, ಎಕ್ಸ್ ವೈ ಝಡ್. ನಾಲ್ಕು ತಿಂಗಳ ಅಭ್ಯಾಸ ಅವಳಿಗೇ ತಿಳಿಯದ ಹಾಗೆ ಕೈಯಲ್ಲಿ ಕೆಲಸ ಮಾಡಿತ್ತು. ಇಪ್ಪತ್ತು ಹಾಳೆ ಒಟ್ಟಿಗೆ ತಿದ್ದುವ ಮೇಷ್ಟ್ರಿಗೆ ಅದು ಇನ್ನೊಂದು ಅಭ್ಯಾಸದ ಪತ್ರವಾಗಿ ಕಂಡಿದ್ದರಲ್ಲಿ ಏನು ತಪ್ಪು?

ಹೊರಗೆ ಬಂದಾಗ ಅವರು ಒಂದು ಹಾಳೆ ಚಾಚಿದರು. ಅದರಲ್ಲಿ ಅವರ ಮನೆಯ ಪೂರ್ತಿ ವಿಳಾಸವಿತ್ತು, ತಾರೀಖಿತ್ತು, ಇಂಗ್ಲಿಷಿನಲ್ಲಿ ಒಂದೇ ವಾಕ್ಯವಿತ್ತು. ಕೆಳಗೆ ದುಂಡಗೆ, ತೋಂಟದಾರ್ಯ.

ಓದಿದವಳ ಕಣ್ಣು ತುಂಬಿತು.

“ಏನ್ ಬರೆದವ್ರೆ ಮಗಾ?” ಬಸವರಾಜಪ್ಪ ಕಾಯಿ ಕೆಳಗಿಟ್ಟರು. ಅವಳು ಬಾಯಿ ತೆರೆಯುವ ಮೊದಲೇ ಮೇಷ್ಟ್ರು ಹೇಳಿದರು.

“ನಿಮ್ಮ ಮಗಳನ್ನ ನನಗೆ ಕೊಡಿ ಅಂತ ಕೇಳೋಕೆ ಬಂದೆ ಯಜಮಾನ್ರೇ. ಅವರು ಒಪ್ಪಿದ್ರೆ ಮಾತ್ರ.”

ಬಸವರಾಜಪ್ಪ ಮಗಳ ಕಡೆ ತಿರುಗಿದರು.

“ನಿಂಗೂ ಒಪ್ಗೆನಾ?”

“ಹೂಂ ಅಪ್ಪ. ಮೊದ್ಲು ಬರೆದಿದ್ದೇ ನಾನು.”

“ನಾಳೆ ಬರೋರಿಗೆ ಏನ್ರೀ ಹೇಳಾದು?” ಒಳಗಿನಿಂದ ಗುರುಶಾಂತಮ್ಮ ಕೇಳಿದರು.

“ಬ್ಯಾಡ ಅಂತ ಹೇಳಿ ಕಳ್ಸಾನ ಬುಡು. ಬೈದ್ರೆ ನನ್ನ ಬಯ್ತಾರೆ.” ಬಸವರಾಜಪ್ಪ ಇನ್ನೊಂದು ಕಾಯಿ ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸಿದರು. “ಕುತ್ಕಳಿ ಮೇಷ್ಟ್ರೇ. ನಿಮ್ ಮನೆದೇವ್ರು ಯಾವ್ದು, ಅದನ್ ಹೇಳಿ ಮೊದ್ಲು.”

ಸರ್ವಮಂಗಳ ಮೇಷ್ಟ್ರ ಜೇಬಿನ ಪೆನ್ನನ್ನು ಕೇಳಿ ಇಸಕೊಂಡಳು. ತನ್ನ ಪತ್ರದ ಎಕ್ಸ್ ವೈ ಝಡ್ ಹೊಡೆದುಹಾಕಿ, ಕೆಳಗೆ ಹೆಸರು ಬರೆದು ಅವರ ಕೈಗಿಟ್ಟಳು.

“ನಿಜವಾದ ಹೆಸರು ಬರೆದಿದ್ದೀನಿ ಸಾರ್. ಈಗೆಷ್ಟು ಕೊಡ್ತೀರಿ?”

“ಸೊನ್ನೆ,” ಅಂದರು ಅವರು ಮೆಲ್ಲಗೆ. “ನನ್ನ ಪತ್ರಕ್ಕೂ ಅಷ್ಟೇ ಕೊಡಿ.”