ಸಣ್ಣ ಅಳತೆಯ ಬಳೆ

೨೦೨೪ರ ಜನವರಿ ೧೩, ಶನಿವಾರ. ಬೆಳಿಗ್ಗೆ ೮.೨೦ಕ್ಕೆ ಮುಂಬಯಿಯ ಮುಲುಂಡ್ ಕಡೆಯ ಪೊಲೀಸ್ ಠಾಣೆಗೆ ದೂರು ಬಂತು: ರಾಣಿ ತಲಾವ್ ಕೆರೆಯ ದಂಡೆಯ ಉದ್ಯಾನದಿಂದ ಬಳೆಗಲ್ಲು ಕಳುವಾಗಿದೆ. ಬಳೆ ತೊಟ್ಟ ಕೈಯೊಂದು ಮೇಲಕ್ಕೆತ್ತಿದಂತೆ ಕೆತ್ತಿದ, ಮೊಳದುದ್ದದ ಹಳೆಯ ಮಾಸ್ತಿಕಲ್ಲು ಅದು. ಸೋಮವಾರ ಮ್ಯೂಸಿಯಮ್ಮಿಗೆ ಹೋಗಬೇಕಿತ್ತು.

"ವಾಚ್‌ಮನ್‌ದೇ ಕೆಲಸ ಸಾರ್," ಎಂದರು ಉದ್ಯಾನ ಸಮಿತಿಯ ರಮಾನಾಥ ಶೆಟ್ಟರು.

"ನೋಡೀರೇನು?" ಇನ್ಸ್‌ಪೆಕ್ಟರ್ ಬಸವಂತರಾಯ ಕೇಳಿದರು.

"ನೋಡ್ಲಿಲ್ಲ. ಮತ್ತೆ ಯಾರು ಮಾಡ್ತಾರೆ ಮಾರಾಯ್ರೆ?"

ಸುಲಭಕ್ಕೆ ಸಿಕ್ಕವನ ಮೇಲೆ ಗೂಬೆ ಕೂರಿಸುವುದು ಲೋಕಾರೂಢಿ. ಬಸವಂತರಾಯ ಎಫ್‌ಐಆರ್‌ನಲ್ಲಿ 'ಆರೋಪಿ ಅಪರಿಚಿತ' ಎಂದೇ ಬರೆಸಿದರು.

೯.೧೫ಕ್ಕೆ ಸ್ಥಳ ಪಂಚನಾಮೆ. ಕಲ್ಲು ಕಿತ್ತ ಗುಂಡಿಯಿಂದ ಗೇಟಿನವರೆಗೆ ಕಸದ ಕೈಗಾಡಿಯ ಗಾಲಿ ಗುರುತು. ಕೆರೆಯ ಮೆಟ್ಟಿಲ ಮೇಲೆ ಹಸಿರು ಖಣ, ಕುಪ್ಪಸದ ಬಟ್ಟೆ. ಅದರಲ್ಲಿ ಅಕ್ಕಿ, ಅರಿಶಿನದ ಕೊಂಬು, ಉತ್ತತ್ತಿ, ಕೊಬ್ಬರಿ ಬಟ್ಟಲು, ನಾಲ್ಕು ಗಾಜಿನ ಬಳೆ.

"ಜಾದೂಟೋಣಾ, ಸಾಹೇಬ್! ಮಾಟ!" ಕಾನ್‌ಸ್ಟೆಬಲ್ ಸಂದೀಪ ಹಿಂದೆ ಸರಿದ.

"ಅಲ್ಲೋ, ಉಡಿ ಇದು. ಕೆರಿ ಗಂಗವ್ವಗ ತುಂಬ್ಯಾರ."

ಬಸವಂತರಾಯರ ತಾಯಿ ವಿಜಯಪುರದವರು. ಮುಂಬಯಿಯ ಚಾಳಿನಲ್ಲೂ ಅವರು ಉಡಿ ತುಂಬದೆ ಯಾವ ಹೆಣ್ಣುಮಗಳನ್ನೂ ಕಳಿಸಿದವರಲ್ಲ. ಆದರೆ ಉಡಿಗೆ ಇಡುವುದು ದೊಡ್ಡ ಹೆಂಗಸರ ಬಳೆ. ಈ ಬಳೆಯಲ್ಲಿ ಇನ್ಸ್‌ಪೆಕ್ಟರರ ಮೂರು ಬೆರಳೂ ಹಿಡಿಸಲಿಲ್ಲ.

"ಈ ಕೆರ್ಯಾಗ ಮುಳುಗಿದ ಹುಡುಗ್ಯಾರ್ದು ಹಳೇ ರಿಜಿಸ್ಟರ್ ತೆಗಿ."

ಮಧ್ಯಾಹ್ನ ೧೨.೪೦ಕ್ಕೆ ಸಿಕ್ಕಿತು. ೨೦೦೧, ಆಕಸ್ಮಿಕ ಮರಣ: ಸುಂದ್ರವ್ವ, ಆರು ವರ್ಷ. ಶವ ಸಿಕ್ಕಿಲ್ಲ. ತಾಯಿ ನಾಗವ್ವ. ಆಕೆ ಇಂದಿಗೂ ಅದೇ ಉದ್ಯಾನದ ಕಸ ಗುಡಿಸುವವಳು.

೨.೧೦ಕ್ಕೆ ಪಂಚರೊಂದಿಗೆ ಅವಳ ಚಾಳಿಗೆ ಹೋದರು. ಜೊತೆಗೆ ಮಹಿಳಾ ಕಾನ್‌ಸ್ಟೆಬಲ್ ವೈಶಾಲಿ. ಎಣ್ಣೆ ಹಚ್ಚಿ ಎರೆದ ಕಲ್ಲು ಕೌದಿ ಹೊದ್ದು ಮಲಗಿತ್ತು.

"ಯಾಕ ತಂದಿ, ಅವ್ವಾ?"

"ನಮ್ಮ ಸುಂದ್ರಿ ಮುಳುಗೂ ಮುಂದ ಬರೇ ಕೈ ಕಾಣ್ತಿತ್ರೀ ಸಾಹೇಬ್ರ. ಬಳೀ ಕೈ. ಹಿಂಗ." ನಾಗವ್ವ ಕೈಯೆತ್ತಿ ತೋರಿಸಿದಳು. "ಕಲ್ಲಿನ್ಯಾಗೂ ಅದ ಕೈ. ದಿನಾ ಅಲ್ಲೇ ಕುಂತು ಮಾತಾಡಸ್ತಿದ್ದೆ. ಸೋಮವಾರ ಒಯ್ತಾರಂದ್ರು. ಗಂಗವ್ವಗ ಉಡಿ ಕೊಟ್ಟು ಮಗಳನ್ನ ಬಿಡಿಸ್ಕೊಂಡು ಬಂದೀನಿ."

ಬಸವಂತರಾಯ ಕಲ್ಲಿನ ಮೇಲಿನ ಕೌದಿಯ ಅಂಚು ಸರಿಪಡಿಸಿದರು. ಆದರೂ ಕಾಯಿದೆ ಕಾಯಿದೆಯೇ. ೨.೫೦ಕ್ಕೆ ವೈಶಾಲಿ ಆಕೆಯನ್ನು ಬಂಧಿಸಿದಳು. ಸಂದೀಪ ಕಲ್ಲನ್ನು ಜೀಪಿಗೆ ಏರಿಸಿದ.

"ಕಲ್ಲ ಒಯ್ರಿ," ಎಂದಳು ನಾಗವ್ವ. "ಉಡಿ ಅಲ್ಲೇ ಐತಿಲ್ರಿ? ಕೊಟ್ಟ ಉಡಿ ತಿರುಗಿ ತಗೊಂಡ್ರ ಗಂಗವ್ವ ನನ ಕೂಸಿನ್ನ ಮತ್ತ ಒಳಗ ಎಳ್ಕೋತಾಳ."

ಬೆಳಿಗ್ಗೆಯೇ ಮುದ್ದೆಮಾಲು ಎಂದು ಸೀಲಾದ ಉಡಿ ಠಾಣೆಯಲ್ಲಿ ಬಸವಂತರಾಯರ ಮೇಜಿನ ಡ್ರಾಯರಿನಲ್ಲಿತ್ತು.

"ಅಲ್ಲೇ ಐತಿ, ಅವ್ವಾ."

ಠಾಣೆಗೆ ಮರಳಿ, ಡೈರಿಯಲ್ಲಿ ಕಳವಿನ ಉದ್ದೇಶ ಬರೆದರು: 'ಲಾಭದ ಆಸೆ ಇಲ್ಲ. ಮಗಳನ್ನು ಮನೆಗೆ ಕರೆತರಲು.' ಉಡಿ ತುಂಬುವುದು ಗಂಡಸಿನ ಕೆಲಸವಲ್ಲ. ಸಂಜೆ ಆರಕ್ಕೆ ವೈಶಾಲಿಯನ್ನು ಕರೆದು, ಒಂದು ಹಸಿರು ಖಣ ತಂದು ಕೆರೆಯ ಮೆಟ್ಟಿಲಿಗೆ ಹೋಗಿ ಬರಲು ಹೇಳಿದರು.

"ಬಳಿ ಮಾತ್ರ," ಎಂದರು, "ಸಣ್ಣ ಅಳತೀವು ತಗೋ."