ಎಡಗಾಲಿನ ಕೆಳಗಿನ ದಿಂಬು

ಇದು ಒಂದು ದಿಂಬಿಗೆ ಸಂಬಂಧಪಟ್ಟ ಕಥೆ. ದಿಂಬೆಂದರೆ ಹಗುರವಾದ ವಿಷಯ ಎಂದುಕೊಂಡವರು ದಯವಿಟ್ಟು ನೆಟ್ಟಗೆ ಕೂರಬೇಕು. ಹೂವಿನ ಚಿತ್ತಾರದ, ಒಂದು ಮೂಲೆಯಲ್ಲಿ ಹೊಲಿಗೆ ಬಿಟ್ಟು ಹತ್ತಿ ಇಣುಕುತ್ತಿದ್ದ ಆ ದಿಂಬನ್ನು, ಸೋಮವಾರ ಬೆಳಿಗ್ಗೆ ಹತ್ತೂವರೆಗೆ, ಪರಿಚಯವೇ ಇಲ್ಲದ ಒಬ್ಬ ಗಂಡಸು ಒಬ್ಬ ಗಾಯಕಿಯ ಎಡಗಾಲಿನ ಕೆಳಗೆ ಇಟ್ಟ.

ಪಿಯಾನೊ ಮೇಲಿದ್ದ ಅವಳ ಬೆರಳುಗಳು ನಿಂತವು.

"ಏನಿದು?"

"ದಿಂಬು, ಮೇಡಂ."

"ಅದು ಕಾಣ್ತಿದೆ! ನನ್ನ ಕಾಲ ಕೆಳಗೆ ಯಾಕೆ?"

"ನಿಮ್ಮ ಕಾಲು ನನ್ನ ಡ್ರಮ್ ಜೊತೆ ಜಗಳ ಆಡ್ತಿದೆ. ನೀವು ಮೊದಲನೇ ಪೆಟ್ಟಿಗೆ ನೆಲ ಗುದ್ದುತ್ತೀರ. ಸಾಂಬಾದಲ್ಲಿ ಭಾರ ಇರೋದು ಎರಡನೇ ಪೆಟ್ಟಿನ ಮೇಲೆ. ಮೊದಲನೇದು ಪ್ರಶ್ನೆ, ಎರಡನೇದು ಉತ್ತರ."

ಗಾಜಿನ ಗೋಡೆಯಾಚೆ ಧ್ವನಿಮುದ್ರಣದ ಯಂತ್ರಗಳ ಮುಂದೆ ಕೂತಿದ್ದ ಅವಳ ಅಕ್ಕ ಸ್ಪೀಕರ್‌ನಲ್ಲೇ ನಕ್ಕಳು. "ನಮ್ಮ ಗುಡುಗಪ್ಪನ ಪರಿಚಯ ಮಾಡಿಸೋಣ ಅಂತಿದ್ದೆ. ಆಗೋಯ್ತಲ್ಲ, ಬಿಡು!"

ಗುಡುಗಪ್ಪ! ಪ್ರೇಮಕಥೆಯ ನಾಯಕನಿಗೆ ಯಾರೂ ಇಡುವ ಹೆಸರಲ್ಲ. ಆದರೆ ಡ್ರಮ್ಮಿನ ಚರ್ಮ ಬಿಗಿಯುವ ಅಂಗಡಿ ಇಟ್ಟುಕೊಂಡು, ಬೀದಿ ಮೆರವಣಿಗೆಗಳಲ್ಲಿ ಸೊಂಟದೆತ್ತರದ ಡ್ರಮ್ ಬಾರಿಸುವವನಿಗೆ ಅಕ್ಕ ಬೇರೆ ಯಾವ ಹೆಸರಿಟ್ಟಾಳು?

ಗಾಯಕಿ ಹನ್ನೊಂದು ವರ್ಷ ಹೋಟೆಲೊಂದರ ಹಜಾರದಲ್ಲಿ ಜಾಝ್ ನುಡಿಸಿ ಹಾಡಿದವಳು. ಚಮಚಗಳ ಸದ್ದೇ ಅವಳಿಗೆ ಸಿಕ್ಕ ಚಪ್ಪಾಳೆ. ಹದಿನೇಳನೇ ವಯಸ್ಸಿನಲ್ಲಿ, ಬ್ರೆಜಿಲ್ಲಿನ ಬೀದಿ ಕುಣಿತದ ಸಾಂಬಾ ಬಾರಿಸುವ ಒಂದು ತಂಡದ ಬೆನ್ನು ಹತ್ತಿ ನಾಲ್ಕು ಬಸ್ ಸ್ಟಾಪ್ ದಾಟಿ ನಡೆದಿದ್ದಳು. ಆ ನಡಿಗೆಯ ಋಣ ತೀರಿಸಲು ಈಗ ಸ್ವಂತದ ಏಳು ಸಾಂಬಾ ಹಾಡು ಕಟ್ಟಿದ್ದಳು. ಅವಳ ಮೊದಲ ಆಲ್ಬಂ. ಶನಿವಾರ ಸಂಜೆಯವರೆಗೆ ಮಾತ್ರ ಸ್ಟುಡಿಯೊ. ಆಮೇಲೆ ಅದು ಸೋಪಿನ ಜಾಹೀರಾತಿನವರ ಪಾಲು.

*ಇಂಥ ವಾರದಲ್ಲಿ ನನಗೆ ತಾಳ ಕಲಿಸೋಕೆ ಬಂದಿದಾನಲ್ಲ...!* ಎಂದು ಮನಸ್ಸಿನಲ್ಲೇ ಕುದಿಯುತ್ತಾ ಅವಳು ಬಲಗಾಲಿನಿಂದ ಪೆಡಲ್ ಒತ್ತಿ ಕೂತಳು. ಕೈ ಮಾತ್ರ ಮಡಿಲಲ್ಲಿತ್ತು.

ಅವನು ಡ್ರಮ್ಮಿಗೆ ಒಂದು ಪೆಟ್ಟು ಕೊಟ್ಟ.

ಸದ್ದು ಮೊದಲು ನೆಲದಲ್ಲಿ ಬಂತು, ಆಮೇಲೆ ಎದೆಯಲ್ಲಿ. ಅದಾದ ಮೇಲೆ ನಡೆದದ್ದನ್ನು ಅವಳು ಜನ್ಮದಲ್ಲಿ ಮರೆಯಲಿಲ್ಲ...

ಪಿಯಾನೊ ತಾನಾಗಿ ಹಾಡಿತು!

ಪೆಡಲ್ ಒತ್ತಿದಾಗ ತಂತಿಗಳನ್ನು ಅದುಮಿ ಹಿಡಿದಿರುವ ಮೆತ್ತೆಗಳು ಮೇಲೇಳುತ್ತವೆ, ಆಗ ಕೋಣೆಯಲ್ಲಿ ದೊಡ್ಡ ಸದ್ದಾದರೆ ತಂತಿಗಳು ಮಿಡಿಯುತ್ತವೆ ಎಂಬುದು ಅವಳಿಗೆ ಗೊತ್ತಿಲ್ಲದ ಸಂಗತಿಯೇನಲ್ಲ. ಆದರೆ ಗೊತ್ತಿರುವುದು ಬೇರೆ, ಆಗುವುದು ಬೇರೆ. ಇನ್ನೂರಕ್ಕೂ ಹೆಚ್ಚು ತಂತಿಗಳು, ಯಾರ ಬೆರಳೂ ತಾಗದೆ, ದೂರದ ಬಾವಿಯೊಳಗೆ ನೂರು ಜನ ಬಾಯಿ ಮುಚ್ಚಿ ಗುನುಗಿದಂತೆ ಎದ್ದು, ಮೆಲ್ಲಗೆ ಅಡಗಿದವು. ಅವಳ ತೋಳಿನ ರೋಮವೆಲ್ಲ ನಿಮಿರಿ ನಿಂತಿತ್ತು.

"ಮೇಡಂ, ಏನಾಯ್ತು?"

"ಏನಿಲ್ಲ... ಬಾರಿಸಿ."

ಅಲ್ಲಿಂದ ಅವಳದೊಂದು ಕಳ್ಳತನ ಶುರುವಾಯಿತು. ಮೂರನೆಯ ಹಾಡಿನಲ್ಲಿ ಡ್ರಮ್ ಒಂದೇ ಎಂಟು ಸುತ್ತು ನುಡಿಯಬೇಕು. ಪಿಯಾನೊಗೆ ಕೆಲಸವಿಲ್ಲ. ಆದರೂ ಅವಳ ಬಲಗಾಲು ಸದ್ದಿಲ್ಲದೆ ಪೆಡಲ್ ಒತ್ತುತ್ತಿತ್ತು. ಅವನ ಪ್ರತಿ ಪೆಟ್ಟಿಗೂ ಅವಳ ತಂತಿಗಳು ಮಿಡಿಯುತ್ತಿದ್ದವು. ಸೂರ್ಯ ಹುಟ್ಟುವುದನ್ನು ಮೊದಲ ಸಲ ಕಂಡವಳಂತೆ ಅವಳು ಉಸಿರು ಬಿಗಿಹಿಡಿದು ಕೇಳುತ್ತಿದ್ದಳು.

ಮಂಗಳವಾರ ಅವನು ಹೇಳಿದ, "ನಿಮ್ಮ ಕಾಲು ಈಗ ಜಗಳ ಬಿಟ್ಟಿದೆ."

"ದಿಂಬು ಹೊಡೆಸಿಕೊಳ್ತಿದೆ, ಪಾಪ. ಅದಕ್ಕೆ."

ಅವನು ನಕ್ಕ. ಕೆಳಗಿನ ಹಲ್ಲೊಂದು ಸೊಟ್ಟ. ಆ ಸೊಟ್ಟ ಹಲ್ಲು ಅವಳಿಗೆ ಬುಧವಾರ ಪೂರ್ತಿ ನೆನಪಿತ್ತು.

ಗುರುವಾರ ಬಂದು ನೋಡಿದರೆ ಡ್ರಮ್ ಜಾಗದಲ್ಲಿಲ್ಲ! ಹಿಂದಿನ ಪುಟ್ಟ ಕೋಣೆಯಲ್ಲಿ, ದಪ್ಪ ಬಾಗಿಲಿನಾಚೆ ಅವನು ಒಬ್ಬನೇ ಕೂತಿದ್ದ. ಕಿವಿಗೆ ಹೆಡ್‌ಫೋನ್. ಮುಖವೂ ಮುಚ್ಚಿದ ಬಾಗಿಲಿನಂತೆಯೇ ಇತ್ತು.

*ನಾನು ಪೆಡಲ್ ಒತ್ತೋದು ಗೊತ್ತಾಗಿಹೋಯ್ತು... ತನ್ನ ಬಾರಿಸುವಿಕೆ ಕೆಡಿಸ್ತಾಳೆ ಅಂತ ತಾನಾಗೇ ಎದ್ದು ಹೋಗಿದಾನೆ!* ಎಂದು ಅವಳು ಕುಗ್ಗಿದಳು.

ಅವನಿಗೆ ಅಕ್ಕ ಹೇಳಿದ್ದು ಒಂದೇ ಮಾತು: "ಪಿಯಾನೊಗೆ ತೊಂದರೆ ಆಗ್ತಿದೆ, ಒಳಗೆ ಹೋಗಪ್ಪ." *ದೂರು ಕೊಟ್ಟಿದಾಳೆ...* ಎಂದುಕೊಂಡು ಅವನೂ ಹೆಡ್‌ಫೋನ್ ಬಿಗಿದುಕೊಂಡ.

ಬಾಯಿ ಬಿಟ್ಟು ಕೇಳಿದ್ದರೆ ಅರ್ಧ ನಿಮಿಷದ ಕೆಲಸ. ಆದರೆ ಇಬ್ಬರಿಗೂ ಸ್ವಾಭಿಮಾನ ಧಾರಾಳವಾಗಿತ್ತು. ಎರಡು ದಿನ ಹಾಡು ಸರಿಯಾಗೇ ಬಂತು, ಕುದಿಸಿದ ನೀರಿನಂತೆ. ಎಲ್ಲಾ ಸರಿ, ರುಚಿಯೊಂದಿಲ್ಲ.

ಶನಿವಾರ ಮಧ್ಯಾಹ್ನ ಮೂರನೆಯ ಹಾಡೊಂದೇ ಉಳಿದಿತ್ತು. ಒಂಬತ್ತು ಸಲ ನುಡಿಸಿದರು. ಒಂಬತ್ತೂ ಹೆಣ. ಅವನು ಡ್ರಮ್ ಸಮೇತ ಹೊರಬಂದು ಅದಕ್ಕೆ ಗವಸು ಹಾಕತೊಡಗಿದ.

"ಬೇರೆ ಯಾರನ್ನಾದ್ರೂ ಕರೆಸಿ, ಅಕ್ಕ. ನನ್ನಿಂದ ಮೇಡಂಗೆ ತೊಂದರೆ."

"ನಿಮ್ಮಿಂದ?" ಗಾಯಕಿಯ ದನಿ ಒಡೆಯಿತು. "ನಾನಿರೋ ಕೋಣೆ ಬೇಡ ಅಂತ ಹೋದವರು ನೀವು!"

"ನಾನಾ? ನೀವಲ್ವಾ ಓಡಿಸಿದ್ದು?"

ಅಕ್ಕ ತಲೆ ಚಚ್ಚಿಕೊಂಡಳು. "ಓಡಿಸಿದ್ದು ನಾನು ಕಣ್ರೋ! ಇದನ್ನ ಕೇಳಿ."

ಮಂಗಳವಾರದ ಮುದ್ರಣ ಸ್ಪೀಕರ್‌ನಲ್ಲಿ ಬಂತು. ಡ್ರಮ್ ಒಂದೇ. ಅದರ ಕೆಳಗೆ, ಪ್ರತಿ ಪೆಟ್ಟಿನ ಬೆನ್ನಿಗೆ, ಆ ಬಾವಿಯ ಗುನುಗು...

"ಈ ಗುಂಯ್ ಅನ್ನೋದು ಡ್ರಮ್ ಹತ್ತಿರ ಇರೋದ್ರಿಂದ ಅಂದ್ಕೊಂಡು ಇವನನ್ನ ಒಳಗೆ ಕಳಿಸಿದೆ. ಆದ್ರೆ ಪೆಡಲ್ ಒತ್ತದೆ ತಂತಿ ಹೀಗೆ ಮೊರೆಯಲ್ಲ. ನಿನಗೆ ಕೆಲಸವೇ ಇಲ್ಲದ ಕಡೆ ಪೆಡಲ್ ಯಾಕೆ ಒತ್ತಿದೀಯೇ? ಒಂದ್ಸಲ ಅಲ್ಲ, ಪ್ರತಿ ಸಲ!"

ಗಾಯಕಿಯ ಕಿವಿ ಕೆಂಪಾಯಿತು. ಬಾಯಿಯಿಂದ ಬಾರದ ಮಾತನ್ನು ಕಾಲು ಹೇಳಿಬಿಟ್ಟಿತ್ತು, ಅದೂ ರೆಕಾರ್ಡ್ ಆಗಿತ್ತು.

"ಇನ್ನು ನೀನು, ಗುಡುಗಪ್ಪ. ಎಂಟು ಸುತ್ತು ಅಂದ್ರೆ ಸೋಮವಾರ ಎಂಟು. ಮಂಗಳವಾರ ಹನ್ನೆರಡು. ಬುಧವಾರ ಹದಿನಾರು! ಲೆಕ್ಕ ಬರಲ್ವಾ?"

"ಬರುತ್ತೆ, ಅಕ್ಕ." ಅವನು ಗವಸಿನ ದಾರ ಸುತ್ತುತ್ತಾ ನೆಲ ನೋಡಿದ. "ನಾನು ನಿಲ್ಲಿಸಿದ್ರೆ... ಅದೂ ನಿಲ್ಲುತ್ತಿತ್ತು."

ಅಕ್ಕ ಒಬ್ಬರನ್ನು ನೋಡಿದಳು, ಇನ್ನೊಬ್ಬರನ್ನು ನೋಡಿದಳು. "ಕಾಫಿ ತರ್ತೀನಿ," ಎಂದು ಹೊರಟಳು. ಕಾಫಿ ಅಲ್ಲೇ ಫ್ಲಾಸ್ಕಿನಲ್ಲಿತ್ತು.

ಅವನು ಗವಸು ತೆಗೆದು ಡ್ರಮ್ಮನ್ನು ಪಿಯಾನೊ ಪಕ್ಕಕ್ಕೆ ಉರುಳಿಸಿ ತಂದ.

"ನಿಮಗೂ ಕೇಳಿಸ್ತಿತ್ತಾ?" ಅವಳು ಪಿಸುಗುಟ್ಟಿದಳು.

"ಇಪ್ಪತ್ತು ವರ್ಷದಿಂದ ಬಾರಿಸ್ತಿದೀನಿ, ಮೇಡಂ. ಯಾವತ್ತೂ ಯಾರೂ ಹಾಗೆ ಓಗೊಟ್ಟಿರಲಿಲ್ಲ."

"ಮೊದಲನೇದು ಪ್ರಶ್ನೆ ಅಂದಿದ್ರಿ..." ಅವಳು ಪೆಡಲ್ ಒತ್ತಿದಳು. "ನನ್ನ ಪ್ರಶ್ನೆ ವಾರದಿಂದ ಹಾಗೇ ಇದೆ. ಉತ್ತರ ಕೊಡಿ."

ಅವನು ಕೋಲು ಕೆಳಗಿಟ್ಟು ಅಂಗೈಯಿಂದ ಮೆಲ್ಲಗೆ ಒಂದೇ ಪೆಟ್ಟು ಕೊಟ್ಟ. ತಂತಿಗಳೆಲ್ಲ ಒಟ್ಟಿಗೆ ಮಿಡಿದವು. ಅದು ಪೂರ್ತಿ ಅಡಗುವವರೆಗೆ ಅವಳು ಪೆಡಲ್ ಬಿಡಲಿಲ್ಲ.

"ಹೂಂ," ಎಂದ ಅವನು. "ಆದ್ರೆ ಈ ಮೇಡಂ ಅನ್ನೋದನ್ನ ಬಿಡಬಹುದಾ?"

"ಬಿಡಿ... ನಾನು ಮಾತ್ರ ಗುಡುಗಪ್ಪ ಅಂತಾನೇ ಕರೀತೀನಿ."

ಆಲ್ಬಂ ಶನಿವಾರ ಸಂಜೆ ಐದೂಮುಕ್ಕಾಲಿಗೆ ಮುಗಿಯಿತು. ಮೂರನೆಯ ಹಾಡಿನಲ್ಲಿ ಡ್ರಮ್ ಇಪ್ಪತ್ತನಾಲ್ಕು ಸುತ್ತು ಬರುತ್ತದೆ. ದಿಂಬು ಈಗ ಅವರಿಬ್ಬರ ಮನೆಯಲ್ಲಿದೆ.